ಕಡಿಮೆ ದರದ ವಿಮಾನ, ಪೂರ್ಣ ಸೇವೆಯ ವಿಮಾನ: ಭಾನುವಾರದ ಪ್ರಶ್ನೋತ್ತರ

ಮಾರ್ಗಯೋಜಕ: ನಮಸ್ಕಾರ. ಈ ಗುಂಪಿನ ನಿರ್ವಾಹಕರ ಮಾತಿಗೆ ಒಪ್ಪಿ ಈ ಸಂಜೆಯನ್ನು ನಿಮ್ಮ ಪ್ರಶ್ನೆಗಳಿಗೆ ಎತ್ತಿಟ್ಟಿದ್ದೇನೆ. ಇಪ್ಪತ್ತೊಂದು ವರ್ಷ ವಿಮಾನ ಸಂಸ್ಥೆಗಳಲ್ಲಿ ಮಾರ್ಗ ಮತ್ತು ದರ ನಿಗದಿಯ ಕೆಲಸ ಮಾಡಿದ್ದೇನೆ. ಮೊದಲು ಊಟ, ಸೇವೆಗಳೆಲ್ಲ ಟಿಕೆಟಿನಲ್ಲೇ ಸೇರಿರುವ ಪೂರ್ಣ ಸೇವೆಯ ಸಂಸ್ಥೆಯಲ್ಲಿ, ಆಮೇಲೆ ಕಡಿಮೆ ದರದ್ದರಲ್ಲಿ. ಎರಡೂ ಹೇಗೆ ದುಡಿಯುತ್ತವೆ, ಎಲ್ಲಿ ಎಡವುತ್ತವೆ ಎಂಬುದನ್ನು ಕೇಳಿ. ಯಾವ ದಿನ ಟಿಕೆಟ್ ಅಗ್ಗ ಎಂದು ಮಾತ್ರ ಕೇಳಬೇಡಿ.

ಗಣಿತದ ಮೇಷ್ಟ್ರು, ತುಮಕೂರು: ಅದೇ ಏರ್‌ಬಸ್, ಅದೇ ಇಂಧನ, ಅದೇ ದೂರ. ಒಂದು ಉಪ್ಪಿಟ್ಟಿನ ಪೊಟ್ಟಣ ಕೊಡದೆ ಇದ್ದರೆ ಇಷ್ಟೊಂದು ಉಳಿತಾಯ ಹೇಗೆ ಸಾಧ್ಯ, ಸರ್?

ಮಾರ್ಗಯೋಜಕ: ಊಟದಿಂದ ಉಳಿಯುವುದು ಅತ್ಯಲ್ಪ. ಆಸನಗಳನ್ನು ಎಣಿಸಿ. ಪೂರ್ಣ ಸೇವೆಯ ಸಂಸ್ಥೆಯಾಗಿದ್ದ ವಿಸ್ತಾರಾದ ಏರ್‌ಬಸ್ ಎ320 ನಿಯೋ ವಿಮಾನದಲ್ಲಿ 164 ಆಸನಗಳಿದ್ದವು: 8 ಬಿಸಿನೆಸ್, 24 ಪ್ರೀಮಿಯಂ ಎಕಾನಮಿ, 132 ಎಕಾನಮಿ. ಕಡಿಮೆ ದರದ ಇಂಡಿಗೋ ಅದೇ ವಿಮಾನದಲ್ಲಿ 186 ಆಸನಗಳನ್ನು ಹಾಕುತ್ತದೆ. ಲೆಕ್ಕಕ್ಕಾಗಿ ಒಂದು ಹಾರಾಟದ ಖರ್ಚು ಹತ್ತು ಲಕ್ಷ ಎಂದಿಟ್ಟುಕೊಳ್ಳಿ. ಮೊದಲನೆಯದರಲ್ಲಿ ಆಸನಕ್ಕೆ ಸುಮಾರು 6,100 ರೂಪಾಯಿ, ಎರಡನೆಯದರಲ್ಲಿ 5,375. ಇನ್ನೂ ಒಂದು ಟಿಕೆಟ್ ಮಾರುವ ಮೊದಲೇ ಏಳುನೂರು ರೂಪಾಯಿಗೂ ಹೆಚ್ಚಿನ ವ್ಯತ್ಯಾಸ.

ಎರಡನೆಯದು ಸಮಯ. ವಿಮಾನದ ಬಾಡಿಗೆ ತಿಂಗಳ ಲೆಕ್ಕದ್ದು. ಹಾರಿದರೂ ಕಟ್ಟಬೇಕು, ನಿಂತರೂ ಕಟ್ಟಬೇಕು. ಇಳಿದ ಅರ್ಧ ಗಂಟೆಯೊಳಗೆ ಮತ್ತೆ ಹಾರಿಸಿದರೆ ದಿನಕ್ಕೆ ಒಂದು ಸುತ್ತು ಹೆಚ್ಚು ಸಿಗುತ್ತದೆ, ಬಾಡಿಗೆ ಅಷ್ಟು ಹೆಚ್ಚು ಜನರ ಮೇಲೆ ಹಂಚಿಹೋಗುತ್ತದೆ. ಮೂರನೆಯದು, ಒಂದೇ ಜಾತಿಯ ವಿಮಾನ. ಯಾವ ಪೈಲಟ್ ಆದರೂ ಯಾವ ವಿಮಾನವನ್ನಾದರೂ ಹಾರಿಸಬಹುದು, ಬಿಡಿಭಾಗಗಳ ದಾಸ್ತಾನು ಒಂದೇ ಸಾಕು. ಇಂಧನದ ಬೆಲೆಯಲ್ಲಿ ಮಾತ್ರ ಯಾರಿಗೂ ದೊಡ್ಡ ರಿಯಾಯಿತಿ ಇಲ್ಲ.

ಜಯನಗರ 4ನೇ ಬ್ಲಾಕ್: ಸರ್, ಇದು ನಮ್ಮ ಕುಟುಂಬದ ಗುಂಪಿನಲ್ಲಿ ಬಂದದ್ದು: ‘ಮಂಗಳವಾರ ಮಧ್ಯರಾತ್ರಿ ಬ್ರೌಸರಿನ ಕುಕೀ ಅಳಿಸಿ ಹುಡುಕಿದರೆ ಟಿಕೆಟ್ ಅರ್ಧ ಬೆಲೆಗೆ ಸಿಗುತ್ತದೆ. ಹತ್ತು ಜನರಿಗೆ ಕಳುಹಿಸಿ.’ ನಿಜವೇ?

ಮಾರ್ಗಯೋಜಕ: ಸುಳ್ಳು. ಪ್ರತಿ ಹಾರಾಟದ ಆಸನಗಳನ್ನು ಹತ್ತಾರು ದರದ ಮೆಟ್ಟಿಲುಗಳಾಗಿ ವಿಂಗಡಿಸಿರುತ್ತೇವೆ. ಕೆಳಗಿನ ಮೆಟ್ಟಿಲು ಖಾಲಿಯಾದರೆ ಮೇಲಿನದು ತೆರೆಯುತ್ತದೆ. ಅದಕ್ಕೆ ವಾರವೂ ಗೊತ್ತಿಲ್ಲ, ನಿಮ್ಮ ಕುಕೀಯೂ ಗೊತ್ತಿಲ್ಲ.

ಕಲಬುರಗಿ ಪ್ರಯಾಣಿಕ: ಉಡಾನ್ ಯೋಜನೆಯ ಸಹಾಯಧನ ಮೂರು ವರ್ಷಕ್ಕೆ ಮುಗಿದ ಮೇಲೆ ನಮ್ಮಂಥ ಊರುಗಳ ಹಾರಾಟಗಳು ಉಳಿಯುತ್ತವೆಯೇ?

ಪುತ್ತೂರಿನ ಮಗಳು: ಸರ್, ಜುಲೈನಲ್ಲಿ ಅಮ್ಮ ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿರುವ ಅಕ್ಕನ ಮನೆಗೆ ಒಬ್ಬರೇ ಹೋಗುತ್ತಿದ್ದಾರೆ. ವಯಸ್ಸು 71, ಸಕ್ಕರೆ ಕಾಯಿಲೆ ಇದೆ, ಮಂಡಿನೋವಿನಿಂದಾಗಿ ಗಾಲಿಕುರ್ಚಿ ಬೇಕು. ಮಂಗಳೂರಿನಿಂದ ಬೆಂಗಳೂರಿಗೆ ಕಡಿಮೆ ದರದ ವಿಮಾನ, ರಾತ್ರಿ 11.05ಕ್ಕೆ ಇಳಿಯುತ್ತದೆ. ಅಲ್ಲಿಂದ ಫ್ರಾಂಕ್‌ಫರ್ಟ್‌ಗೆ ಯುರೋಪಿನ ಸಂಸ್ಥೆಯ ವಿಮಾನ, 1.55ಕ್ಕೆ ಹೊರಡುತ್ತದೆ. ಮೂರು ತಿಂಗಳ ನಂತರ ಅದರಲ್ಲಿಯೇ ವಾಪಸು. ಹೀಗೆ ಮಾಡಿದ್ದರಿಂದ 11,000 ರೂಪಾಯಿ ಉಳಿಯಿತು. ಅಮ್ಮ ಬೆಂಗಳೂರಿನಲ್ಲಿ ಚೀಲ ತೆಗೆದುಕೊಳ್ಳಬೇಕೇ, ಅಥವಾ ಅದು ನೇರ ಫ್ರಾಂಕ್‌ಫರ್ಟ್‌ಗೆ ಹೋಗುತ್ತದೆಯೇ?

ಮಾರ್ಗಯೋಜಕ: ಉಳಿದವರು ದಯವಿಟ್ಟು ಸ್ವಲ್ಪ ತಡೆಯಿರಿ. ಪುತ್ತೂರಿನವರೇ, ಎರಡು ಪಿಎನ್‌ಆರ್ ಇವೆಯೇ, ಒಂದೇ ಇದೆಯೇ?

ಪುತ್ತೂರಿನ ಮಗಳು: ಎರಡು. ಆದರೆ ಒಂದೇ ಜಾಲತಾಣದಲ್ಲಿ, ಒಂದೇ ಸಲ ಹಣ ಕಟ್ಟಿದ್ದು. ಹಾಗಾದರೆ ಒಂದೇ ಟಿಕೆಟ್ ಅಲ್ಲವೇ?

ಮಾರ್ಗಯೋಜಕ: ಅಲ್ಲ. ಜಾಲತಾಣ ನಿಮ್ಮಿಂದ ಒಮ್ಮೆಗೇ ಹಣ ಪಡೆದು ಎರಡು ಬೇರೆ ಒಪ್ಪಂದಗಳನ್ನು ಮಾಡಿಕೊಟ್ಟಿದೆ. ಚೀಲ ನೇರ ಹೋಗುವುದಿಲ್ಲ. ನಿಮ್ಮ ಪ್ರಶ್ನೆ ಚೀಲದ್ದು, ನನ್ನ ಚಿಂತೆ ಬೇರೆಯದು. ಪೂರ್ತಿ ಓದಿ.

ಎರಡು ಮಾದರಿಗಳ ನಡುವಿನ ನಿಜವಾದ ಅಂತರ ಇಲ್ಲಿದೆ. ಪೂರ್ಣ ಸೇವೆಯ ಸಂಸ್ಥೆ ಒಂದೇ ಟಿಕೆಟಿನಲ್ಲಿ ನಿಮ್ಮನ್ನು ಕೊನೆಯ ಊರಿನವರೆಗೆ ಒಯ್ಯುವ ಹೊಣೆ ಹೊರುತ್ತದೆ. ಮೊದಲ ವಿಮಾನ ತಡವಾಗಿ ಎರಡನೆಯದು ತಪ್ಪಿದರೆ, ಮುಂದಿನದರಲ್ಲಿ ಕಳುಹಿಸುವುದು ಅದರ ಕೆಲಸ. ಕಡಿಮೆ ದರದ ಮಾದರಿ ಹುಟ್ಟಿದ್ದೇ ಆ ಹೊಣೆಯನ್ನು ಕಳಚಿಟ್ಟು. ಇಲ್ಲಿಂದ ಅಲ್ಲಿಗೆ, ಅಷ್ಟೇ. ಇಂದು ಅಂಥ ಸಂಸ್ಥೆಗಳೂ ವಿದೇಶಿ ಸಂಸ್ಥೆಗಳ ಜೊತೆ ಒಪ್ಪಂದ ಮಾಡಿಕೊಂಡು ಎರಡೂ ಹಾರಾಟಗಳಿಗೆ ಒಂದೇ ಜೋಡು ಟಿಕೆಟ್ ಕೊಡುತ್ತವೆ. ನಿಮ್ಮದು ಅಂಥದಲ್ಲ. ಹಾಗಾಗಿ ಬೆಂಗಳೂರಿನಲ್ಲಿ ಇಳಿದ ಕ್ಷಣಕ್ಕೆ ಮೊದಲ ಸಂಸ್ಥೆಯ ಜವಾಬ್ದಾರಿ ಮುಗಿಯಿತು. ಎರಡನೆಯದಕ್ಕೆ ನಿಮ್ಮ ತಾಯಿ ಮಂಗಳೂರಿನಿಂದ ಬರುತ್ತಿದ್ದಾರೆ ಎಂಬುದೇ ತಿಳಿದಿಲ್ಲ.

ಈಗ ಗಡಿಯಾರ ನೋಡಿ. ಗಾಲಿಕುರ್ಚಿಯವರನ್ನು ಕೊನೆಗೆ ಇಳಿಸುತ್ತಾರೆ. ಚೀಲ ಸಿಗುವಾಗ 11.40. ದೇಶೀಯ ವಿಮಾನ ಟರ್ಮಿನಲ್ 1ಕ್ಕೆ ಬರುವುದೇ ಎಂದು ಟಿಕೆಟಿನಲ್ಲಿ ನೋಡಿ. 2023ರ ಸೆಪ್ಟೆಂಬರ್‌ನಿಂದ ಅಂತರರಾಷ್ಟ್ರೀಯ ಹಾರಾಟಗಳೆಲ್ಲ ಟರ್ಮಿನಲ್ 2ರಲ್ಲಿವೆ. ಹೊರಬಂದು, ಬಸ್ಸು ಹಿಡಿದು, ಬಾಗಿಲಲ್ಲಿ ಮತ್ತೆ ಗುರುತುಪತ್ರ ತೋರಿಸಿ, ಸಾಲಿನಲ್ಲಿ ನಿಲ್ಲಬೇಕು. ಕೌಂಟರ್ ಸಾಮಾನ್ಯವಾಗಿ ಒಂದು ಗಂಟೆ ಮೊದಲು, ಅಂದರೆ 12.55ಕ್ಕೆ ಮುಚ್ಚುತ್ತದೆ. ಎಲ್ಲವೂ ಸರಿಯಾಗಿ ನಡೆದ ದಿನ ಉಳಿಯುವುದು ಅರ್ಧ ಗಂಟೆ.

ಎಲ್ಲವೂ ಸರಿಯಾಗಿ ನಡೆಯುತ್ತದೆಯೇ? ನಿಮ್ಮದು ರಾತ್ರಿಯ ವಿಮಾನ. ಮೇಲೆ ಮೇಷ್ಟ್ರಿಗೆ ಹೇಳಿದ ಅರ್ಧ ಗಂಟೆಯ ಲೆಕ್ಕ ಇಲ್ಲಿ ಕಾಡುತ್ತದೆ. ಬೆಳಿಗ್ಗೆ ಆರಕ್ಕೆ ಹೊರಟ ಆ ವಿಮಾನ ಐದಾರು ಊರು ಸುತ್ತಿ ಬಂದಿರುತ್ತದೆ. ಬೆಳಿಗ್ಗೆ ಎಲ್ಲೋ ಇಪ್ಪತ್ತು ನಿಮಿಷ ತಡವಾದರೆ ಅದನ್ನು ತುಂಬಿಕೊಳ್ಳಲು ನಡುವೆ ಬಿಡುವೇ ಇಲ್ಲ. ಆ ತಡವೆಲ್ಲ ಕೂಡಿ ಕೂಡಿ ರಾತ್ರಿಯ ಪ್ರಯಾಣಿಕರ ತಲೆಯ ಮೇಲೆ ಬೀಳುತ್ತದೆ. ಅದರ ಮೇಲೆ ಜುಲೈ ತಿಂಗಳು, ಬಜ್ಪೆಯ ಗುಡ್ಡದ ಮೇಲಿನ ರನ್‌ವೇ, ಮಳೆ, ಮೋಡ. ನಾನು ವೇಳಾಪಟ್ಟಿ ಮಾಡುತ್ತಿದ್ದಾಗ ಮಳೆಗಾಲದ ರಾತ್ರಿಯ ಹಾರಾಟಗಳ ಬಗ್ಗೆಯೇ ಹೆಚ್ಚು ಹೆದರುತ್ತಿದ್ದೆ.

2025ರ ಡಿಸೆಂಬರ್ ನೆನಪಿದೆಯೇ? ಆ ವರ್ಷ ಪೈಲಟ್‌ಗಳ ವಿಶ್ರಾಂತಿಯ ನಿಯಮ ಬಿಗಿಯಾಯಿತು. ವಾರದ ವಿಶ್ರಾಂತಿ 36 ಗಂಟೆಯಿಂದ 48ಕ್ಕೆ ಏರಿತು, ರಾತ್ರಿಯ ಪಾಳಿಯಲ್ಲಿ ಆರು ಸಲದವರೆಗೆ ವಿಮಾನ ಇಳಿಸಬಹುದಿದ್ದವರಿಗೆ ನವೆಂಬರ್‌ನಿಂದ ಎರಡೇ ಸಲ ಎಂದಾಯಿತು. ಅದಕ್ಕೆ ಬೇಕಾದಷ್ಟು ಪೈಲಟ್‌ಗಳನ್ನು ಸಜ್ಜುಗೊಳಿಸಿಕೊಳ್ಳದ ಇಂಡಿಗೋ ಸಾವಿರಾರು ಹಾರಾಟಗಳನ್ನು ರದ್ದುಪಡಿಸಿತು. ಬಿಡುವಿಲ್ಲದೆ ಬಿಗಿದ ದಾರ ಹಾಗೆಯೇ ಹರಿಯುತ್ತದೆ.

ಇನ್ನೊಂದು ಅಪಾಯವನ್ನು ಯಾವ ಜಾಲತಾಣವೂ ದೊಡ್ಡಕ್ಷರದಲ್ಲಿ ಹೇಳುವುದಿಲ್ಲ. ಫ್ರಾಂಕ್‌ಫರ್ಟ್ ವಿಮಾನ ತಪ್ಪಿದರೆ ನಿಮ್ಮ ತಾಯಿ ‘ಗೈರುಹಾಜರು’. ಸಾಮಾನ್ಯವಾಗಿ ಅದೇ ಟಿಕೆಟಿನ ವಾಪಸು ಪ್ರಯಾಣವೂ ತಾನಾಗಿಯೇ ರದ್ದಾಗುತ್ತದೆ. 11,000 ಉಳಿಸಲು ಹೋಗಿ ಇಡೀ ಟಿಕೆಟ್ ಕಳೆದುಕೊಂಡು, ನಡುರಾತ್ರಿ ಒಬ್ಬ ವೃದ್ಧೆ ದೇವನಹಳ್ಳಿಯಲ್ಲಿ ಗಾಲಿಕುರ್ಚಿಯಲ್ಲಿ ಕುಳಿತಿರುವುದು ನನಗೆ ಕಣ್ಣಿಗೆ ಕಟ್ಟುತ್ತಿದೆ. ಮಂಗಳೂರಿನ ಟಿಕೆಟನ್ನು ಹಿಂದಿನ ದಿನಕ್ಕೆ ಬದಲಾಯಿಸಿ. ಬೆಂಗಳೂರಿನಲ್ಲಿ ನೆಂಟರಿದ್ದಾರೆಯೇ?

ಜಯನಗರ 4ನೇ ಬ್ಲಾಕ್: ಹಾಗಾದರೆ ಯಾವ ದಿನ ಕಾಯ್ದಿರಿಸಿದರೆ ಅಗ್ಗ, ಸರ್?

ಮಾರ್ಗಯೋಜಕ: ಉತ್ತರಿಸಿಯಾಗಿದೆ. ಮೇಲೆ ನೋಡಿ.

ಹಾಸನದ ರೈತ: ಕಡಿಮೆ ದರ ಎಂದರೆ ಇಂಡಿಗೋ ಎಂದೇ ಎಲ್ಲರೂ ಹೇಳುತ್ತೀರಿ. 2003ರಲ್ಲಿ ಏರ್ ಡೆಕ್ಕನ್ ಕಟ್ಟಿ ಹವಾಯಿ ಚಪ್ಪಲಿಯವರನ್ನು ವಿಮಾನ ಹತ್ತಿಸಿದವರು ನಮ್ಮ ಗೊರೂರಿನ ಕ್ಯಾಪ್ಟನ್ ಗೋಪಿನಾಥ್. ಒಂದು ರೂಪಾಯಿಗೆ ಟಿಕೆಟ್ ಕೊಟ್ಟವರು ಅವರು.

ಸದಾಶಿವನಗರ: ಒಂದು ರೂಪಾಯಿಗೆ ಕೊಟ್ಟಿದ್ದಕ್ಕೇ ನಷ್ಟವಾಗಿ ಮಾರಬೇಕಾಯಿತು. ಕಿಂಗ್‌ಫಿಷರ್‌ನಂಥ ಸೇವೆ ಮತ್ತೆ ಬರಲಿಲ್ಲ. ಆ ಊಟ, ಆ ಆಸನ!

ಹಾಸನದ ರೈತ: ಆ ಊಟ ತಿಂದವರು ನೀವು. ಸಂಬಳವಿಲ್ಲದೆ ತಿಂಗಳುಗಟ್ಟಲೆ ಕೆಲಸ ಮಾಡಿದವರು ಯಾರು? ಡೆಕ್ಕನ್ ಕೊಂಡು ಹಾಳು ಮಾಡಿದ್ದೇ ಕಿಂಗ್‌ಫಿಷರ್.

ಸದಾಶಿವನಗರ: ಡೆಕ್ಕನ್ ಆಗಲೇ ಹಾಳಾಗಿತ್ತು. ಊರಿನ ಅಭಿಮಾನದಿಂದ ಲೆಕ್ಕ ಬದಲಾಗುವುದಿಲ್ಲ.

ಹಾಸನದ ರೈತ: ನಾನು ಮೊದಲ ಬಾರಿ ವಿಮಾನ ಹತ್ತಿದ್ದು ಡೆಕ್ಕನ್‌ನಲ್ಲಿ, ಅಪ್ಪನನ್ನು ಆಸ್ಪತ್ರೆಗೆ ಕರೆದೊಯ್ಯಲು. ನಿಮ್ಮ ಲೆಕ್ಕದಲ್ಲಿ ಅದು ಎಲ್ಲಿ ಬರುತ್ತದೆ?

ಮಾರ್ಗಯೋಜಕ: ಇಬ್ಬರೂ ಅರ್ಧ ಸರಿ. ಡೆಕ್ಕನ್ ಪ್ರಯಾಣಿಕರನ್ನು ಹುಟ್ಟಿಸಿತು, ಆದರೆ ಸಣ್ಣ ಎಟಿಆರ್, ದೊಡ್ಡ ಏರ್‌ಬಸ್ ಎಂದು ಎರಡು ಜಾತಿಯ ವಿಮಾನಗಳನ್ನಿಟ್ಟುಕೊಂಡು ಬಹಳ ವೇಗವಾಗಿ ಬೆಳೆಯಿತು. 2007ರಲ್ಲಿ ಕಿಂಗ್‌ಫಿಷರ್ ಅದರಲ್ಲಿ ಪಾಲು ಕೊಂಡಿತು, 2008ರಲ್ಲಿ ‘ಕಿಂಗ್‌ಫಿಷರ್ ರೆಡ್’ ಎಂದು ಹೆಸರಿಟ್ಟಿತು, 2011ರಲ್ಲಿ ಆ ಸೇವೆಯನ್ನೇ ನಿಲ್ಲಿಸುವುದಾಗಿ ಹೇಳಿತು, 2012ರ ಅಕ್ಟೋಬರ್‌ನಲ್ಲಿ ತಾನೇ ನೆಲಕ್ಕಿಳಿಯಿತು. ಜೆಟ್ ಏರ್‌ವೇಸ್ ಕೂಡ 2007ರಲ್ಲಿ ಏರ್ ಸಹಾರಾ ಕೊಂಡು ‘ಜೆಟ್‌ಲೈಟ್’ ಮಾಡಿ ಅದೇ ಹಾದಿ ಹಿಡಿಯಿತು. 2019ರ ಏಪ್ರಿಲ್ 17ಕ್ಕೆ ಅದರ ಹಾರಾಟ ನಿಂತಿತು. ಒಂದೇ ಮನೆಯಲ್ಲಿ ಎರಡು ಅಡುಗೆ ನಡೆಸಿದರೆ ಗಿರಾಕಿಗೆ ಗೊಂದಲ, ಸಿಬ್ಬಂದಿಗೆ ಗೊಂದಲ, ಖರ್ಚು ಮಾತ್ರ ದುಪ್ಪಟ್ಟು.

ಅದೇ ಕಾಲದಲ್ಲಿ ಇಂಡಿಗೋ ಏನು ಮಾಡಿತು? ಹಾರಾಟ ಆರಂಭಿಸುವ ಮೊದಲೇ, 2005ರಲ್ಲಿ, ಒಂದೇ ಕುಟುಂಬದ 100 ಏರ್‌ಬಸ್ ವಿಮಾನಗಳಿಗೆ ಆದೇಶ ಕೊಟ್ಟಿತು. ಸಗಟು ರಿಯಾಯಿತಿಯಲ್ಲಿ ಕೊಂಡು, ಬಾಡಿಗೆ ಸಂಸ್ಥೆಗೆ ಮಾರಿ, ಅದರಿಂದಲೇ ಬಾಡಿಗೆಗೆ ಪಡೆದು, ಸುಮಾರು ಆರು ವರ್ಷಕ್ಕೆ ಹಿಂದಿರುಗಿಸಿತು. ದೊಡ್ಡ ದುರಸ್ತಿಯ ಖರ್ಚು ಬರುವ ಹೊತ್ತಿಗೆ ವಿಮಾನ ಬೇರೆಯವರ ಕೈಯಲ್ಲಿರುತ್ತಿತ್ತು.

ಸದಾಶಿವನಗರ: ಅಂದರೆ ಡೆಕ್ಕನ್ ಬಗ್ಗೆ ನಾನು ಹೇಳಿದ್ದೇ ಸರಿ.

ನಿರ್ವಾಹಕರು: ಇಬ್ಬರೂ ನಿಲ್ಲಿಸಿ. ಮುಂದಿನ ಸಂದೇಶ ಅಳಿಸಲಾಗುವುದು.

ರಾಜಾಜಿನಗರ ಹಿರಿಯ: ಸಂದೇಶ ಬಂದಿದೆ: ‘ಕಡಿಮೆ ದರದ ಸಂಸ್ಥೆಗಳು ಹಳೆಯ ವಿಮಾನ ಓಡಿಸುತ್ತವೆ, ಹಿರಿಯರು ಹತ್ತಬೇಡಿ.’

ಮಾರ್ಗಯೋಜಕ: ಆರು ವರ್ಷಕ್ಕೆ ವಿಮಾನ ಬದಲಾಯಿಸುವ ಬಗ್ಗೆ ಈಗಷ್ಟೇ ಬರೆದೆ. ಎಷ್ಟೋ ಸಲ ಅವರ ವಿಮಾನಗಳೇ ಹೊಸವು. ಸುರಕ್ಷತೆಯ ನಿಯಮ ಎಲ್ಲರಿಗೂ ಒಂದೇ, ಮೇಲ್ವಿಚಾರಣೆ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ್ದು (ಡಿಜಿಸಿಎ). ಇಂಥದ್ದನ್ನು ಹಂಚುವ ಮೊದಲು ಒಂದು ಕ್ಷಣ ಯೋಚಿಸಿ. ಹೆದರಿದವರು ನಿಮ್ಮ ಮನೆಯ ಹಿರಿಯರೇ.

ಹೆಬ್ಬಾಳ ಐಟಿ: ಇನ್ನೊಂದು: ‘ವಿಮಾನ 2 ಗಂಟೆ ತಡವಾದರೆ 10,000 ರೂಪಾಯಿ ಕೊಡಲೇಬೇಕು. ಇದು ಕಾನೂನು.’ ನಾನು ಕಳೆದ ವಾರ ಕೌಂಟರಿನಲ್ಲಿ ಜಗಳವಾಡಿದೆ, ಕೊಡಲಿಲ್ಲ.

ಮಾರ್ಗಯೋಜಕ: ಕೊಡುವುದೂ ಇಲ್ಲ. ಕೌಂಟರಿನಲ್ಲಿದ್ದ ಆ ಹುಡುಗಿಯ ಮೇಲೆ ಕೂಗಾಡಿ ಏನು ಬಂತು? ತಡಕ್ಕೆ ನಗದು ಪರಿಹಾರ ನಮ್ಮ ನಿಯಮದಲ್ಲಿಲ್ಲ. ಎರಡೂವರೆ ಗಂಟೆಯೊಳಗಿನ ಹಾರಾಟ ಎರಡು ಗಂಟೆ ತಡವಾದರೆ ಊಟ ಅಥವಾ ಉಪಾಹಾರ. ಆರು ಗಂಟೆ ಮೀರಿದರೆ ಬೇರೆ ವಿಮಾನ ಅಥವಾ ಪೂರ್ಣ ಹಣ ವಾಪಸು. ಮುಂಚಿತವಾಗಿ ತಿಳಿಸದೆ ರದ್ದುಪಡಿಸಿದರೆ, ಅದೂ ಸಂಸ್ಥೆಯ ಕೈಮೀರಿದ ಕಾರಣವಿಲ್ಲದಿದ್ದರೆ, ಹಾರಾಟದ ಅವಧಿಗೆ ತಕ್ಕಂತೆ 5,000, 7,500 ಅಥವಾ 10,000. ಮೂಲ ದರ ಮತ್ತು ಇಂಧನ ಶುಲ್ಕ ಅದಕ್ಕಿಂತ ಕಡಿಮೆಯಿದ್ದರೆ ಅಷ್ಟೇ. ಯಾರೋ ಈ ಕೊನೆಯ ಸಾಲಿನ 10,000 ಕಿತ್ತು ಎರಡು ಗಂಟೆಗೆ ಅಂಟಿಸಿದ್ದಾರೆ. ಈ ನಿಯಮಗಳು ಕಡಿಮೆ ದರದವರಿಗೂ ಪೂರ್ಣ ಸೇವೆಯವರಿಗೂ ಒಂದೇ.

ಹೆಬ್ಬಾಳ ಐಟಿ: ನೀವು ವಿಮಾನ ಸಂಸ್ಥೆಯವರ ಪರವಾಗಿಯೇ ಮಾತನಾಡುತ್ತೀರಿ.

ಮಾರ್ಗಯೋಜಕ: ಹಾಗಿದ್ದರೆ ಇದನ್ನೂ ಬರೆದುಕೊಳ್ಳಿ: ‘ಹಣ ವಾಪಸಿಲ್ಲ’ ಎಂಬ ಟಿಕೆಟನ್ನು ನೀವೇ ರದ್ದುಪಡಿಸಿದರೂ ತೆರಿಗೆ ಮತ್ತು ವಿಮಾನ ನಿಲ್ದಾಣದ ಶುಲ್ಕಗಳನ್ನು ಹಿಂದಿರುಗಿಸಲೇಬೇಕು. ಕೇಳದೆ ಬಿಟ್ಟವರೇ ಹೆಚ್ಚು. ಯಾರ ಪರ ಎಂದು ನೀವೇ ನಿರ್ಧರಿಸಿ.

ಮೈಸೂರು ವಿದ್ಯಾರ್ಥಿನಿ: ಸರ್, ವಿಸ್ತಾರಾ 2024ರ ನವೆಂಬರ್‌ನಲ್ಲಿ ಏರ್ ಇಂಡಿಯಾದಲ್ಲಿ ಲೀನವಾಯಿತು. ಭಾರತದಲ್ಲಿ ಪೂರ್ಣ ಸೇವೆಯ ಮಾದರಿ ಮುಗಿಯಿತೇ?

ಮಾರ್ಗಯೋಜಕ: ಮುಗಿಯಲಿಲ್ಲ, ಗಡಿ ಅಳಿಸುತ್ತಿದೆ. ಏರ್ ಇಂಡಿಯಾದ ಅತಿ ಕಡಿಮೆ ದೇಶೀಯ ದರದಲ್ಲಿ ಈಗ 15 ಕಿಲೋ ಚೀಲ, ಕಡಿಮೆ ದರದವರಷ್ಟೇ. ಇತ್ತ ಇಂಡಿಗೋ 2024ರಿಂದ ‘ಸ್ಟ್ರೆಚ್’ ಎಂಬ ಬಿಸಿನೆಸ್ ಆಸನ ಮಾರುತ್ತಿದೆ, ದೂರದ ಹಾರಾಟಕ್ಕೆ ಎ350 ತರಿಸುತ್ತಿದೆ. ಅಮೆರಿಕದಲ್ಲಿ 1971ರಿಂದ ಹಾರುತ್ತಿರುವ ಕಡಿಮೆ ದರದ ಸೌತ್‌ವೆಸ್ಟ್ ಕೂಡ 2025ರ ಮೇ ತಿಂಗಳಲ್ಲಿ ಹೆಚ್ಚಿನ ಪ್ರಯಾಣಿಕರಿಗೆ ಉಚಿತ ಚೀಲ ನಿಲ್ಲಿಸಿತು. ನೀವು ಓದುವಾಗ ಸಂಸ್ಥೆಯ ಹಣೆಪಟ್ಟಿ ನೋಡಬೇಡಿ, ಆಸನವೊಂದನ್ನು ಒಂದು ಕಿಲೋಮೀಟರ್ ಒಯ್ಯಲು ಅದಕ್ಕೆ ಎಷ್ಟು ಖರ್ಚಾಗುತ್ತದೆ ಎಂದು ನೋಡಿ.

ಕಲಬುರಗಿ ಪ್ರಯಾಣಿಕ: ನನ್ನ ಪ್ರಶ್ನೆ ಎರಡನೆಯ ಬಾರಿ ಕೇಳುತ್ತಿದ್ದೇನೆ. ಬೆಂಗಳೂರು, ಮಂಗಳೂರಿನವರಿಗಷ್ಟೇ ಉತ್ತರವೇ?

ದಾವಣಗೆರೆ: ನನ್ನ ಮಗನನ್ನು ಏವಿಯೇಷನ್ ಕೋರ್ಸಿಗೆ ಸೇರಿಸಬಹುದೇ?

ಜಯನಗರ 4ನೇ ಬ್ಲಾಕ್: ಬುಧವಾರ ಹೇಗೆ, ಸರ್?

ಮಾರ್ಗಯೋಜಕ: ಈ ಪ್ರಶ್ನೆಗೆ ಇನ್ನು ಉತ್ತರಿಸುವುದಿಲ್ಲ. ಪುತ್ತೂರಿನವರು ಇದ್ದೀರಾ?

ಪುತ್ತೂರಿನ ಮಗಳು: ಇದ್ದೇನೆ, ಸರ್. ಅಣ್ಣನ ಜೊತೆ ಮಾತನಾಡಿದೆ. ಹಿಂದಿನ ದಿನ ಬೆಳಗಿನ ವಿಮಾನಕ್ಕೆ ಬದಲಾಯಿಸಿದೆವು, ಶುಲ್ಕ ಮತ್ತು ದರದ ವ್ಯತ್ಯಾಸ ಸೇರಿ 4,200 ಆಯಿತು. ಯಲಹಂಕದಲ್ಲಿ ಚಿಕ್ಕಮ್ಮನ ಮನೆಯಿದೆ, ರಾತ್ರಿ ಅಲ್ಲಿದ್ದು ಮರುದಿನ ಅವರೇ ಬಿಡುತ್ತಾರೆ. ಅಮ್ಮನ ಚೀಲ 19 ಕಿಲೋ ಇದೆ. ನಾಲ್ಕು ಕಿಲೋ ತೆಗೆಯುವುದೇ?

ಮಾರ್ಗಯೋಜಕ: ನೆಮ್ಮದಿಯಾಯಿತು. ಯುರೋಪಿನ ಟಿಕೆಟಿನಲ್ಲಿ 23 ಕಿಲೋ ಇದ್ದರೆ ಏನನ್ನೂ ತೆಗೆಯಬೇಡಿ. ಮಂಗಳೂರಿನ ಹಾರಾಟಕ್ಕೆ ಹೆಚ್ಚುವರಿ ತೂಕವನ್ನು ಈಗಲೇ ಜಾಲತಾಣದಲ್ಲಿ ಕೊಳ್ಳಿ, ಕೌಂಟರಿನಲ್ಲಿ ಕೊಂಡರೆ ಹೆಚ್ಚು ಬೀಳುತ್ತದೆ. ಗಾಲಿಕುರ್ಚಿಯನ್ನು ಎರಡೂ ಸಂಸ್ಥೆಗಳಿಗೆ ಬೇರೆ ಬೇರೆಯಾಗಿ, ಕನಿಷ್ಠ 48 ಗಂಟೆ ಮೊದಲು ಕೇಳಿ. ಒಬ್ಬರಿಗೆ ಹೇಳಿದ್ದು ಇನ್ನೊಬ್ಬರಿಗೆ ತಲುಪುವುದಿಲ್ಲ. ಇನ್ಸುಲಿನ್ ಇದ್ದರೆ ವೈದ್ಯರ ಚೀಟಿಯೊಂದಿಗೆ ಕೈಚೀಲದಲ್ಲಿರಲಿ. ಉಪ್ಪಿನಕಾಯಿ ದೊಡ್ಡ ಚೀಲದಲ್ಲಿ.

ಪುತ್ತೂರಿನ ಮಗಳು: ಉಪ್ಪಿನಕಾಯಿ ಇದೆ ಎಂದು ನಾನು ಬರೆದಿರಲಿಲ್ಲ, ಸರ್.

ಮಾರ್ಗಯೋಜಕ: ಮಗಳ ಮನೆಗೆ ಹೊರಟ ತಾಯಿ. ಇದ್ದೇ ಇರುತ್ತದೆ. ಮುಚ್ಚಳಕ್ಕೆ ಎರಡು ಸುತ್ತು ಟೇಪ್ ಹಾಕಿ.