ಮೇವಿನ ಹುಲ್ಲಿನ ‘ತೆಂಡೆ’, ಗೊಬ್ಬರದ ‘ಕಸುವು’: ಎರಡು ಪದಗಳ ಬಗ್ಗೆ

ಸಂಕರ ನೇಪಿಯರ್ ಹುಲ್ಲಿಗೆ ಕೊಟ್ಟಿಗೆ ಗೊಬ್ಬರ ಹಾಕುವ ಬಗೆಯನ್ನು ತಿಳಿಸುವ ಕಿರುಹೊತ್ತಗೆಯೊಂದನ್ನು ಹೈನುಗಾರರಿಗಾಗಿ ಬರೆಯುತ್ತಿದ್ದೇನೆ. ಅದರಲ್ಲಿ ಎರಡು ಕಡೆ ಪದ ಸಾಲದೆ ನಿಂತಿದ್ದೇನೆ. ಬಲ್ಲವರು ದಯವಿಟ್ಟು ತಿಳಿಸಬೇಕು.

ಮೊದಲನೆಯದು ‘ಬೆಳವಣಿಗೆ’. ‘ಗೊಬ್ಬರದಿಂದ ಹುಲ್ಲಿನ ಬೆಳವಣಿಗೆ ಹೆಚ್ಚುತ್ತದೆ’ ಎಂದು ಬರೆದರೆ ಓದುವವರ ಮನಸ್ಸು ಎತ್ತರದ ಕಡೆಗೇ ಹೋಗುತ್ತದೆ. ಆದರೆ ಸಜ್ಜೆ ಮತ್ತು ನೇಪಿಯರ್‌ಗಳ ಸಂಕರವಾದ ಈ ಹುಲ್ಲನ್ನು ನೆಟ್ಟ ಸುಮಾರು 75 ದಿನಕ್ಕೆ ಮೊದಲ ಸಲ, ಆಮೇಲೆ 45 ದಿನಕ್ಕೊಮ್ಮೆ ಕೊಯ್ಯುವುದರಿಂದ, ಪ್ರತಿ ಕೊಯ್ಲಿನ ನಂತರ ಬುಡದಿಂದ ಎಷ್ಟು ಹೊಸ ಚಿಗುರುಗಳು ಏಳುತ್ತವೆ ಎಂಬುದೂ ಅಷ್ಟೇ ಮುಖ್ಯ. ನಮ್ಮ ಹಿತ್ತಲಿನಲ್ಲಿ ಹಳೆಯ ತಿಪ್ಪೆ ಎತ್ತಿದ ಜಾಗದಲ್ಲಿ ನೆಟ್ಟ ಬುಡಗಳು ಎರಡು ಕೈ ಸೇರಿಸಿ ಹಿಡಿದರೂ ಹಿಡಿತಕ್ಕೆ ಸಿಗದಷ್ಟು ಒತ್ತಾಗಿವೆ, ಎಲೆ ಕರ್ರಗಿದೆ. ಹತ್ತು ಹೆಜ್ಜೆ ಆಚೆಯ ಬುಡಗಳು ಎತ್ತರದಲ್ಲಿ ಹೆಚ್ಚು ಕಡಿಮೆಯಿಲ್ಲದಿದ್ದರೂ ತೆಳ್ಳಗಿವೆ. ಭತ್ತ, ರಾಗಿಗಳಲ್ಲಿ ಇದನ್ನು ‘ತೆಂಡೆ ಒಡೆಯುವುದು’ ಎನ್ನುತ್ತೇವೆ, ಕಬ್ಬಿನಲ್ಲಿ ‘ಮರಿ ಒಡೆಯುವುದು’. ಗೆಣ್ಣಿರುವ ತುಂಡು ನೆಟ್ಟು, ಕೊಯ್ದ ಮೇಲೆ ಕೂಳೆಯಿಂದ, ಎಂದರೆ ನೆಲದಲ್ಲಿ ಉಳಿದ ಬುಡದಿಂದ, ಮತ್ತೆ ಬೆಳೆಸುವ ನೇಪಿಯರ್ ಕಬ್ಬಿಗೇ ಹತ್ತಿರವಾದರೂ, ಚಿಗುರು ಒತ್ತೊತ್ತಾಗಿ ಏಳುವ ರೀತಿಗೆ ‘ತೆಂಡೆ’ಯೇ ಒಪ್ಪುತ್ತದೆ ಎಂದು ನನ್ನ ಅನಿಸಿಕೆ. ನಿಮ್ಮ ಊರಿನ ಹುಲ್ಲು ಬೆಳೆಯುವವರು ಏನೆನ್ನುತ್ತಾರೆ?

ಎರಡನೆಯದು ಇನ್ನೂ ತೊಡಕಿನದು: ಒಮ್ಮೆ ಹಾಕಿದ ಕೊಟ್ಟಿಗೆ ಗೊಬ್ಬರ ಮುಂದಿನ ವರ್ಷಗಳಲ್ಲೂ ಒದಗುವುದಕ್ಕೆ ಏನೆನ್ನುವುದು? ಗಂಜಲದಲ್ಲಿರುವ ಸಾರಜನಕ ಹುಲ್ಲಿಗೆ ಬೇಗ ದಕ್ಕುತ್ತದೆ. ಸಗಣಿ, ಕಸಕಡ್ಡಿಗಳಲ್ಲಿರುವುದನ್ನು ಮಣ್ಣಿನ ಸೂಕ್ಷ್ಮಜೀವಿಗಳು ಕೊಳೆಯಿಸಿ ಬಿಡಿಸಿಕೊಡಬೇಕಾದ್ದರಿಂದ ಅದರ ಒಂದು ಪಾಲು ಮಾತ್ರ ಮೊದಲ ವರ್ಷ ಸಿಕ್ಕಿ, ಉಳಿದದ್ದು ಮುಂದಿನ ವರ್ಷಗಳಲ್ಲಿ ನಿಧಾನವಾಗಿ ಒದಗುತ್ತದೆ. ಪಠ್ಯಗಳ ‘ಶೇಷ ಪರಿಣಾಮ’ ಎಂಬ ಮಾತು ಔಷಧಿಯ ಉಳಿಕೆಯನ್ನು ನೆನಪಿಸುತ್ತದೆಯೇ ಹೊರತು ಈ ಒದಗುವಿಕೆಯನ್ನಲ್ಲ. ‘ಹೋದ ವರ್ಷದ ಗೊಬ್ಬರದ ಕಸುವು ಇನ್ನೂ ಇದೆ’ ಎಂಬ ಆಡುಮಾತಿನಿಂದ ‘ಉಳಿಗಸುವು’ ಎಂದು ಕಟ್ಟಬಹುದೇ? ಅಥವಾ ‘ಹಿಂಗಸುವು’ ಎಂದೇ?

ಇದರ ಜೊತೆಗೇ ಇನ್ನೊಂದು. ಹುಲ್ಲುಕಡ್ಡಿ ಹೆಚ್ಚಿರುವ, ಕಳಿಯದ ಗೊಬ್ಬರ ಹಾಕಿದರೆ ಆ ಸೂಕ್ಷ್ಮಜೀವಿಗಳೇ ಮಣ್ಣಿನ ಸಾರಜನಕವನ್ನು ಹಿಡಿದಿಟ್ಟುಕೊಂಡು ಹುಲ್ಲು ಕೆಲಕಾಲ ಬಿಳಚಿಕೊಳ್ಳುತ್ತದೆ. ಗೊಬ್ಬರ ಹಾಕಿಯೂ ಬರುವ ಈ ಕೊರತೆಗೆ ರೈತರ ಬಾಯಲ್ಲಿ ಬೇರೆಯೇ ಹೆಸರಿದ್ದರೆ, ಅದನ್ನು ಯಾವ ಸೀಮೆಯಲ್ಲಿ, ಯಾವ ಬೆಳೆಗೆ ಬಳಸುತ್ತಾರೆ ಎಂಬುದನ್ನೂ ಸೇರಿಸಿ ಬರೆಯಬೇಕೆಂದು ಕೋರುತ್ತೇನೆ.