ಪದ್ಮಿನಿಗೆ ರೀಲ್ ಸೀಟ್‌ಬೆಲ್ಟ್ ಹಾಕಿಸೀನಿ, ಒಂದ್ ಕಡಿದು ಜಗ್ಗಿದ್ರ ಬರವಲ್ದು

ವಿಜಯಪುರದಿಂದ:
ನಮಸ್ಕಾರ್ರೀ ಎಲ್ಲಾರ್ಗೂ. ಅಪ್ಪಾರ ಕಾಲದ ಪ್ರೀಮಿಯರ್ ಪದ್ಮಿನಿ ಅದ, ಬೆಲ್ಟೇ ಇರಲಿಲ್ಲ. ಕಾಲೇಜಿಗೆ ಹೋಗೋ ಮಗಳು ಮುಂದ ಕೂಡ್ತಾಳ, ಸೋಲಾಪುರ ಹೈವೇದಾಗ ಬೆಲ್ಟ್ ಇಲ್ದ ಕರ್ಕೊಂಡ್ ಹೋಗ್ಲಿಕ್ಕೆ ಮನಸ್ ಒಪ್ಪವಲ್ದು, ಅದಕ್ಕ ಈಗಿನ ಕಾರಿನಂಥಾ, ರೀಲಿನ್ಯಾಗ ತಾನ ಸುತ್ಕೊಳ್ಳೋ ಮೂರು ಪಾಯಿಂಟಿನ ಬೆಲ್ಟ್ ಹೊಸಾವು ತಂದು ಇಲ್ಲೇ ಗ್ಯಾರೇಜಿನಾಗ ಕೂಡ್ಸೀನಿ. ಡ್ರೈವರ್ ಕಡಿದು ಚಲೋ ಬರ್ತದ, ಎಡಗಡಿದು ನಾಕ್ ಬಟ್ಟ್ ಬಂದು ಖಟ್ ಅಂತ ಹಿಡಕೊಳ್ತದ. ಗಾಡಿ ನಿಂತಾಗ, ಎಷ್ಟ್ ಸಾವಕಾಶ ಜಗ್ಗಿದ್ರೂ ಅಷ್ಟ. ಮಿಸ್ತ್ರಿ ಪೀಸ್ ಖರಾಬ್ ಅದ ಅಂತಾನ. ಮ್ಯಾಲಿನ ಬೋಲ್ಟಿಗೆ ಪಿಲ್ಲರ್ (ಬಾಗಿಲ ಬಾಜೂಕಿನ ಕಂಬ) ತಗಡ ತೂತ್ ಹೊಡದು ದೊಡ್ಡ ವಾಷರ್ ಕೊಟ್ಟಾನ, ಅದು ಸಾಕಾಗ್ತದೇನ್ರಿ?

ಬೆಳಗಾವಿಯಿಂದ:
ಪೀಸ್ ಬದಲಿ ಮಾಡೂಕಿಂತ ಮೊದ್ಲ ರೀಲ್ ಬಿಚ್ಚಿ ಕೈಯಾಗ ಹಿಡೀರಿ ಸರ. ಕಿವಿಹತ್ರ ಇಟ್ಟು ಅಳ್ಳಾಡಿಸಿದ್ರ ಒಳಗ ಸಣ್ಣ ಉಕ್ಕಿನ ಗುಂಡಿನ ಸಪ್ಳ ಕೇಳ್ತೈತಿ. ಗಾಡಿ ಜೋರಾಗಿ ಬ್ರೇಕ್ ಹೊಡದಾಗ ಆ ಗುಂಡು ಸರದು ಹಲ್ಲಿನ ಚಕ್ರ ಲಾಕ್ ಮಾಡ್ತೈತಿ, ರೀಲ್ ವಾಲಿದ್ರೂ ಅದು ಹಂಗ ಸರೀತೈತಿ. ನೆಟ್ಟಗ ಹಿಡದಾಗ ಸಾವಕಾಶ ಬಂದು, ವಾಲಿಸಿದ ಕೂಡ್ಲೆ ಹಿಡಕೊಂಡ್ರ ಪೀಸ್ ಪಕ್ಕಾ ಚಲೋ ಐತಿ, ಕೂಡ್ಸಿದ್ದ ಸೊಟ್ಟ. ಸೀಟ್‌ಬೆಲ್ಟಿಗೆ ಅಂತ ಇರೋ ವಿಶ್ವಸಂಸ್ಥೆ ಯುರೋಪ್ ಆಯೋಗದ 16ನೇ ನಿಯಮದಾಗ ಕಂಪನಿ ಹೇಳಿದ ಕೋನದಿಂದ 12 ಡಿಗ್ರಿ ತನಕ ವಾಲಿದ್ರ ಲಾಕ್ ಆಗಬಾರ್ದು, 27 ದಾಟಿದ್ರ ಆಗಬೇಕು ಅಂತ ಐತಿ. ಕೆಲವು ರೀಲ್ ಎಡಕ್ಕ ಬ್ಯಾರೆ ಬಲಕ್ಕ ಬ್ಯಾರೆ ಇರ್ತಾವ, ಡಬ್ಬಿ ಮ್ಯಾಲಿನ ಗುರುತ ನೋಡ್ರಿ. ಪಿಲ್ಲರ್ ತಳ ವಾಲಿದ್ರ ದಪ್ಪ ಕಬ್ಬಿಣದ ಪಟ್ಟಿಯಿಂದ ಬ್ರಾಕೆಟ್ ಮಾಡ್ಸಿ ರೀಲ್ ನೆಟ್ಟಗ ನಿಂದ್ರುಹಂಗ ಮಾಡ್ರಿ, ಇಲ್ಲಿ ಬೆಳಗಾವಿ ಇಂಡಸ್ಟ್ರಿ ಏರಿಯಾ ಉದ್ಯಮಬಾಗದಾಗ ಇಂಥಾ ಕೆಲಸ ಕೇಳ್ದವರಿಗೆಲ್ಲ ಮಾಡಿಕೊಡ್ತಾರ.

ವಾಷರ್ ವಿಷಯ ಮಾತ್ರ ಬಿಡಬ್ಯಾಡ್ರಿ. ಹೊಸ ಕಾರಿನ ಬೆಲ್ಟ್ ಬಿಗಿಯೋ ಜಾಗ ಟೆಸ್ಟ್ ಮಾಡೂವಾಗ ಎದಿ ಪಟ್ಟಿಗೆ 13.5 ಕಿಲೋನ್ಯೂಟನ್ ಜಗ್ತಾರ, ಅಂದ್ರ ಸುಮಾರು 1,375 ಕೆಜಿ ಭಾರ. ಹಳೇ ತಗಡಿನ್ಯಾಗ ವಾಷರ್ ಕಾಗದ ಹರದಂಗ ಹರದು ಹೊರಗ ಬರ್ತೈತಿ. ರೇಸ್ ಗಾಡಿಗೆ ತಗಡಿನ ಹಿಂದ ಕೊಡೂ ಪ್ಲೇಟ್ ಕಮ್ಮಿ ಅಂದ್ರ 3 ಎಂಎಂ ದಪ್ಪ, 40 ಚದರ ಸೆಂಟಿಮೀಟರ್ ಇರಬೇಕಂತಾರ, ಅಷ್ಟರ ಕೊಡ್ರಿ, ಅಂಚು ಗುಂಡಗ ಮಾಡ್ರಿ. ಪಿಲ್ಲರ್ ಡಬ್ಬಿ ಹಂಗ ಮುಚ್ಚಿದ್ರ ಒಳಗ ನಟ್ ಹಚ್ಚಿದ ಪ್ಲೇಟ್ ತೂರಿಸಿ ವೆಲ್ಡ್ ಹೊಡಿಬೇಕಾಗ್ತೈತಿ. ಜಂಗ ಹತ್ತಿದ್ದ ತಗಡಿಗೆ ವೆಲ್ಡ್ ಹಿಡಿಯಂಗಿಲ್ಲ, ಮೊದ್ಲ ಕೊರದು ಹೊಸ ತಗಡ ಕೂಡ್ಸ್ರಿ. ವೆಲ್ಡಿಂಗ್ ಮಾಡೂವಾಗ ಬೆಲ್ಟ್ ದೂರ ಇಡ್ರಿ, ಒಂದ ಕಿಡಿ ಬಿದ್ರ ಪಟ್ಟಿ ಸುಡ್ತೈತಿ.

ಬಾಗಲಕೋಟೆಯಿಂದ:
ಹೊಸಾವು ತಂದದ್ದು ಭಾಳ ಚಲೋ ಮಾಡೀರಿ. ಗುಜರಿ ಗಾಡಿಯಿಂದ ಬಿಚ್ಚಿದ ಬೆಲ್ಟ್ ತಗೋಬ್ಯಾಡ್ರಿ ಯಾರೂ, ಅಪಘಾತದಾಗ ಒಮ್ಮೆ ಎಳದ ಪಟ್ಟಿ ಮತ್ತ ಕೆಲಸಕ್ಕ ಬರಂಗಿಲ್ಲ, ಪ್ರಿಟೆನ್ಷನರ್ (ಡಿಕ್ಕಿ ಆದ ಕೂಡ್ಲೆ ಬೆಲ್ಟ್ ಬಿಗಿ ಮಾಡೂ ಸಾಮಾನು) ಇದ್ರ ಒಳಗ ಸಿಡಿಮದ್ದು ಇರ್ತೈತಿ, ಬಿಚ್ಚಾಕ ಹೋದ್ರ ಸಿಡೀಬಹುದು. ಬೋಲ್ಟ್ 7/16 ಇಂಚಿನ ಯುಎನ್‌ಎಫ್ (ಇಂಚಿನ ಅಳತಿಯ ಸಣ್ಣ ಥ್ರೆಡ್), ಇಂಚಿಗೆ 20 ಸುತ್ತು, ಅದಕ್ಕ ಎಂ12 (12 ಎಂಎಂ) ನಟ್ ಕೂಡಂಗಿಲ್ಲ.

ವಿಜಯಪುರದಿಂದ:
ಕೈಯಾಗ ಹಿಡದು ನೋಡಿದ್ನಿರೀ, ನೆಟ್ಟಗ ಇದ್ರ ಪೂರಾ ಬರ್ತದ! ಬ್ರಾಕೆಟ್ ಮಾಡ್ಸಿ ಕೂಡ್ಸೀವಿ, ಈಗ ಸರಾಗ ಬರ್ತದ, ಝಟಕಿ ಕೊಟ್ರ ಹಿಡಕೊಳ್ತದ. ವಾಷರ್ ತಗದಾಗ ಬರೇ ಬಿಗದದ್ದಕ್ಕ ತಗಡ ತಾಟಿನಂಗ ಒಳಗ ತಗ್ಗಾಗಿತ್ತು, ಪ್ಲೇಟಿನ ಕೆಲಸ ನಡದದ. ಇನ್ನೊಂದು, ಬಕಲ್ ಸೀಟಿನ ಪೈಪಿಗೆ ಬಿಗದ್ರ ನಡಿತದೇನ್ರಿ?

ಬೆಳಗಾವಿಯಿಂದ:
ಬ್ಯಾಡ್ರಿ ಸರ, ಆ ಸೀಟಿನ ಬೋಲ್ಟ್ ಅಪಘಾತದಾಗ ಬೆಲ್ಟ್ ಜಗ್ಗೂ ಭಾರ ಹಿಡಿಯಾಕ ಮಾಡಿದ್ದಲ್ಲ. ನೆಲದಾಗ ನಡುವಿನ ಉಬ್ಬಿನ ಬಾಜುಕ ಪ್ಲೇಟ್ ಕೊಟ್ಟು ಬಿಗೀರಿ. ಬಕಲ್ ತೊಡಿಗಿಂತ ಮ್ಯಾಲ ನಿಂತ್ರ ಪಟ್ಟಿ ಹೊಟ್ಟಿ ಮ್ಯಾಲ ಏರ್ತೈತಿ, ಸೊಂಟದ ಎಲುಬಿನ ಮ್ಯಾಲ ಕೂಡಬೇಕು. ಮ್ಯಾಲಿನ ಬೋಲ್ಟ್ ಭುಜಕ್ಕಿಂತ ಕೆಳಗ ಇಡಬ್ಯಾಡ್ರಿ, ಡಿಕ್ಕಿ ಆದಾಗ ಪಟ್ಟಿ ಬೆನ್ನೆಲುಬ್ನ ಕೆಳಗ ಒತ್ತತೈತಿ. ಅದಕ್ಕ ತೂತ್ ಹೊಡ್ಯೂ ಮೊದ್ಲ ಮಗಳ್ನ ಸೀಟಿನ್ಯಾಗ ಕೂಡ್ಸಿ ಚಾಕ್‌ಪೀಸಿನಿಂದ ಗುರುತ ಹಾಕ್ರಿ.