ಹೋಂಸ್ಟೇ ಸೈಟಿಗೆ ಅನಲಿಟಿಕ್ಸ್: ಎಐ ಏಜೆಂಟ್ ಕೈಲಿ ಹಾಕಿಸಿದವರು ಇದ್ದೀರಾ?

ಹೊಸನಗರ ಕಡೆಯಿಂದ ಕೇಳಿದ್ದು:

ಕೊಡಚಾದ್ರಿಗೆ ಹೋಗುವ ದಾರಿಯಲ್ಲಿ ನಮ್ಮದೊಂದು ಸಣ್ಣ ಹೋಂಸ್ಟೇ ಇದೆ. ಮೂರೇ ರೂಮು. ಅಣ್ಣನ ಮಗ ಎಐ ಕೋಡಿಂಗ್ ಏಜೆಂಟ್ (ಹೇಳಿದ್ದಕ್ಕೆ ತಾನೇ ಕೋಡ್ ಬರೆಯುವ ಎಐ) ಹತ್ತಿರ ವೆಬ್‌ಸೈಟ್ ಬರೆಸಿ, ಆ ಏಜೆಂಟನ್ನು ನನ್ನ ಲ್ಯಾಪ್‌ಟಾಪಿಗೂ ಹಾಕಿಕೊಟ್ಟು ಕೆಲಸಕ್ಕೆ ವಾಪಸ್ ಹೋದ. ಕನ್ನಡದಲ್ಲಿ ಹೇಳಿದರೂ ಕೆಲಸ ಮಾಡುತ್ತದೆ, ಅದೊಂದು ಪುಣ್ಯ. ಈಗ ಸೈಟಿಗೆ ಎಷ್ಟು ಜನ ಬರುತ್ತಾರೆ, ಎಲ್ಲಿಂದ ಬರುತ್ತಾರೆ ಅಂತ ಗೊತ್ತಾಗಬೇಕು. ‘ಗೂಗಲ್ ಅನಲಿಟಿಕ್ಸ್ ಹಾಕು’ ಅಂದರೆ ಸಾಕಾ? ಹಾಕಿಸಿದವರು ಎಲ್ಲಿ ಎಡವಿದಿರಿ ಹೇಳಿ. ಕೋಡ್ ಓದಲು ನನಗೆ ಬರುವುದಿಲ್ಲ.

ಸಾಗರದಿಂದ:

ನಾವು ಅಪ್ಪೆಮಿಡಿ ಉಪ್ಪಿನಕಾಯಿ, ಜೋನಿಬೆಲ್ಲ ಮಾರುವವರು. ‘ಹಾಕು’ ಅಂದರೆ ಹಾಕುತ್ತದೆ ಮಾರಾಯ್ರೆ, ಎರಡು ನಿಮಿಷದ ಕೆಲಸ. ‘ಮುಗಿಯಿತು, ಎಲ್ಲ ಸರಿಯಾಗಿದೆ’ ಅಂತ ಹಸಿರು ಟಿಕ್ಕು ಬೇರೆ ತೋರಿಸಿತು. ನಾನೂ ನಂಬಿದೆ. ನಾಲ್ಕು ದಿನ ಕಳೆದರೂ ರಿಪೋರ್ಟಿನಲ್ಲಿ ಸೊನ್ನೆ. ಮಿಡಿಯ ಸೀಸನ್ನು, ಫೋನಿನ ಮೇಲೆ ಫೋನು ಬರುತ್ತಿದೆ, ಸೈಟಿಗೆ ಮಾತ್ರ ಒಬ್ಬರೂ ಬಂದಿಲ್ಲವಂತೆ! ಕೊನೆಗೆ ಪೇಜಿನ ಮೇಲೆ ರೈಟ್ ಕ್ಲಿಕ್ ಮಾಡಿ ಪೇಜ್ ಸೋರ್ಸ್, ಅಂದರೆ ಪೇಜಿನ ಹಿಂದಿನ ಕೋಡ್, ತೆಗೆದು ನೋಡಿದೆ. ಅನಲಿಟಿಕ್ಸ್ ನಮ್ಮ ಸೈಟಿಗೆ ಕೊಡುವ ಐಡಿ ಇರಬೇಕಾದ ಜಾಗದಲ್ಲಿ ‘ಜಿ’, ಒಂದು ಅಡ್ಡಗೆರೆ, ಆಮೇಲೆ ಸಾಲಾಗಿ ಹತ್ತು ಎಕ್ಸ್! ನಾನು ಐಡಿ ಕೊಟ್ಟೇ ಇರಲಿಲ್ಲ. ಅದು ಕೇಳಲೂ ಇಲ್ಲ. ಮಾದರಿಗೆ ಬರೆಯುವ ಎಕ್ಸುಗಳನ್ನೇ ಅಂಟಿಸಿ ಕೈ ತೊಳೆದುಕೊಂಡಿತ್ತು.

ಐಡಿ ಕೊಟ್ಟು ಸರಿ ಮಾಡಿಸಿದ ಮೇಲೆ ಇನ್ನೊಂದು ಮಜಾ. ಪೇಜ್ ವ್ಯೂ ಏರಿದ್ದೇ ಏರಿದ್ದು, ಮನೆಯಲ್ಲಿ ಪಾಯಸ ಮಾಡುವುದೊಂದು ಬಾಕಿ. ತಂಗಿಯ ಮಗಳು ಬಂದು ನೋಡಿ, ‘ದೊಡ್ಡಮ್ಮ, ಒಂದು ಪೇಜನ್ನು ಇದು ಎರಡು ಸಲ ಎಣಿಸುತ್ತಿದೆ’ ಅಂದಳು. ನಮ್ಮದು ರಿಯಾಕ್ಟ್ ಅನ್ನುವ ಕೋಡ್ ಸಾಧನದಲ್ಲಿ ಮಾಡಿದ ಸೈಟು. ಅಂಥ ಸೈಟಿನಲ್ಲಿ ಒಂದು ಪೇಜಿನಿಂದ ಇನ್ನೊಂದಕ್ಕೆ ಹೋದಾಗ ಗೂಗಲ್ ಅನಲಿಟಿಕ್ಸ್ ತಾನೇ ಎಣಿಸಿಕೊಳ್ಳುತ್ತದೆ. ‘ಎನ್‌ಹ್ಯಾನ್ಸ್ಡ್ ಮೆಷರ್ಮೆಂಟ್’ ಅನ್ನುವ ಸೆಟ್ಟಿಂಗಿನಲ್ಲಿ ಅದು ಆನ್ ಇರುತ್ತದೆ. ಏಜೆಂಟ್ ಅದನ್ನು ವಿಚಾರಿಸದೆ ತಾನೂ ಎಣಿಸುವ ಕೋಡ್ ಬರೆದಿತ್ತು. ಪಾಯಸ ಕ್ಯಾನ್ಸಲ್.

ಶಿವಮೊಗ್ಗದಿಂದ:

ನಾನು ಇದೇ ಕೆಲಸ ಮಾಡಿ ಹೊಟ್ಟೆ ಹೊರೆಯುವವನು. ಸ್ವಲ್ಪ ಉದ್ದ ಆಗುತ್ತದೆ, ಬೇಜಾರು ಮಾಡಿಕೊಳ್ಳಬೇಡಿ.

ಅಕೌಂಟ್ ಕೆಲಸ ನಿಮ್ಮದು, ಕೋಡಿನ ಕೆಲಸ ಏಜೆಂಟಿನದು. ಇದನ್ನು ಬೆರೆಸಬೇಡಿ. ನಿಮ್ಮ ಜಿಮೇಲ್‌ನಿಂದ ನೀವೇ ಅನಲಿಟಿಕ್ಸ್ ತೆರೆಯಿರಿ. ಪ್ರಾಪರ್ಟಿ (ನಿಮ್ಮ ಸೈಟಿನ ಲೆಕ್ಕದ ಖಾತೆ) ಮಾಡುವಾಗ ಟೈಮ್ ಝೋನ್ ಭಾರತ, ಕರೆನ್ಸಿ ರೂಪಾಯಿ ಅಂತ ನೋಡಿ ಹಾಕಿ. ಇಲ್ಲದಿದ್ದರೆ ನಮ್ಮ ಬೆಳಗಿನ ಲೆಕ್ಕ ಹಿಂದಿನ ದಿನಕ್ಕೆ ಸೇರಿಬಿಡಬಹುದು. ಆಮೇಲೆ ಅದರಲ್ಲಿ ಸೈಟಿನ ವಿಳಾಸ ಕೊಟ್ಟು ವೆಬ್ ಸ್ಟ್ರೀಮ್ ಮಾಡಿದರೆ ‘ಜಿ’ಯಿಂದ ಶುರುವಾಗುವ ಐಡಿ ಸಿಗುತ್ತದೆ. ಅದನ್ನು ಏಜೆಂಟಿಗೆ ಕೊಡಿ. ಅದು ಗುಟ್ಟಿನದಲ್ಲ, ಪೇಜ್ ಸೋರ್ಸ್ ತೆಗೆದ ಯಾರಿಗೂ ಕಾಣುತ್ತದೆ. ಪಾಸ್‌ವರ್ಡ್ ಮಾತ್ರ ಯಾವ ಏಜೆಂಟಿಗೂ ಬೇಡ. ಮುಂದೆ ಯಾವತ್ತಾದರೂ ರಿಪೋರ್ಟನ್ನು ಏಜೆಂಟ್ ಕೈಲೇ ಓದಿಸುವ ಆಸೆ ಬಂದರೆ ‘ವ್ಯೂಯರ್’ (ನೋಡಲು ಮಾತ್ರ) ಅನುಮತಿ ಕೊಟ್ಟರೆ ಸಾಕು. ಅದು ಒಳಗೆ ಹೋಗಲು ಬಳಸುವ ಕೀ ಫೈಲ್ ನಿಜವಾಗಿಯೂ ಗುಟ್ಟಿನದು, ಕೋಡ್ ಇಡುವ ತಾಣವಾದ ಗಿಟ್‌ಹಬ್‌ಗೆ ಹೋಗಬಾರದು. ಏಜೆಂಟ್ ಬರೆದ ಕೋಡಿನಲ್ಲಿ ಐಡಿ ‘ಯುಎ’ ಅಂತ ಶುರುವಾಗಿದ್ದರೆ ಅಲ್ಲೇ ನಿಲ್ಲಿಸಿ. ಅದು ಹಳೇ ಯೂನಿವರ್ಸಲ್ ಅನಲಿಟಿಕ್ಸ್. 2023ರ ಜುಲೈ 1ರಿಂದ ಅದು ಹೊಸ ಲೆಕ್ಕ ತೆಗೆದುಕೊಳ್ಳುವುದಿಲ್ಲ.

ಸೆಟ್ಟಿಂಗಿನಲ್ಲಿ ಡೇಟಾ ರಿಟೆನ್ಷನ್ ಅಂತ ಒಂದಿದೆ, ಬಂದವರ ವಿವರವನ್ನು ಎಷ್ಟು ಕಾಲ ಇಟ್ಟುಕೊಳ್ಳಬೇಕು ಅನ್ನುವುದು. ಸುಮ್ನೆ ಬಿಟ್ಟರೆ 2 ತಿಂಗಳು. ಮೊದಲ ದಿನವೇ 14 ತಿಂಗಳಿಗೆ ಬದಲಾಯಿಸಿ. ಮಾಮೂಲಿ ರಿಪೋರ್ಟಿಗೆ ಇದರಿಂದ ವ್ಯತ್ಯಾಸ ಇಲ್ಲ. ಆದರೆ ‘ಎಕ್ಸ್‌ಪ್ಲೋರ್’ ಭಾಗದಲ್ಲಿ ಹೋದ ಮಳೆಗಾಲವನ್ನೂ ಈ ಮಳೆಗಾಲವನ್ನೂ ಪಕ್ಕ ಪಕ್ಕ ಇಟ್ಟು ನೋಡಬೇಕಲ್ವಾ? ನಮ್ಮ ಕಡೆ ಜೋಗ ತುಂಬಿದಾಗಿನ ಜನವೇ ಬೇರೆ, ಏಪ್ರಿಲ್ ರಜೆಯ ಜನವೇ ಬೇರೆ.

ಏಜೆಂಟಿಗೆ ಹೇಳುವ ಮಾತು ಹೀಗಿರಲಿ: ‘ಈ ಸೈಟಿನಲ್ಲಿ ಈಗಾಗಲೇ ಯಾವುದಾದರೂ ಟ್ಯಾಗ್ (ಬಂದವರನ್ನು ಎಣಿಸುವ ಕೋಡ್ ತುಣುಕು) ಇದೆಯಾ ಹುಡುಕು. ಯಾವ ಫೈಲಿನಲ್ಲಿ ಏನು ಬದಲಾಯಿಸುತ್ತೀಯ ಕನ್ನಡದಲ್ಲಿ ಹೇಳು. ನಾನು ಹೂಂ ಅಂದ ಮೇಲೆ ಬರೆ.’ ಸಾಗರದವರಿಗೆ ಆದದ್ದರಲ್ಲಿ ಅರ್ಧ ಇಲ್ಲೇ ತಪ್ಪುತ್ತಿತ್ತು.

ಅದು ‘ಆಯಿತು’ ಅಂದಾಗ ನಂಬಬೇಡಿ. ಫೋನಿನ ವೈಫೈ ಆಫ್ ಮಾಡಿ, ಮೊಬೈಲ್ ಡೇಟಾದಲ್ಲಿ ಸೈಟ್ ತೆರೆಯಿರಿ. ಲ್ಯಾಪ್‌ಟಾಪಿನಲ್ಲಿ ರಿಯಲ್‌ಟೈಮ್ ರಿಪೋರ್ಟ್ ತೆರೆದಿಟ್ಟುಕೊಳ್ಳಿ. ಹಿಂದಿನ 30 ನಿಮಿಷದಲ್ಲಿ ಬಂದವರು ಅಲ್ಲಿ ಕಾಣುತ್ತಾರೆ. ನೀವು ಕಂಡರೆ ಸರಿ. ಬ್ರೇವ್ ಬ್ರೌಸರ್ ಇದ್ದರೆ, ಆ್ಯಡ್ ಬ್ಲಾಕರ್ ಹಾಕಿದ್ದರೆ ಕಾಣದೇ ಇರಬಹುದು, ಅದಕ್ಕೆ ಏಜೆಂಟನ್ನು ಬಯ್ಯಬೇಡಿ. ಉಳಿದ ರಿಪೋರ್ಟು ತುಂಬಲು 24ರಿಂದ 48 ಗಂಟೆ ಹಿಡಿಯುತ್ತದೆ.

ಇನ್ನು ‘ಎಲ್ಲಿಂದ’ ಅನ್ನುವ ಪ್ರಶ್ನೆ. ಇದರಲ್ಲಿ ನಮ್ಮ ಊರಿನವರು ಎಲ್ಲರೂ ಮೋಸ ಹೋಗುತ್ತಾರೆ. ಊರನ್ನು ಐಪಿ ವಿಳಾಸದಿಂದ, ಅಂದರೆ ಇಂಟರ್ನೆಟ್ ಸಂಪರ್ಕದ ನಂಬರಿನಿಂದ, ಅಂದಾಜು ಮಾಡುತ್ತಾರೆ. ಮೊಬೈಲ್ ಡೇಟಾ ಆದರೆ ಆ ಐಪಿ ಕಂಪನಿಯ ದೊಡ್ಡ ಕೇಂದ್ರ ಇರುವ ಊರಿನದ್ದಾಗಿರಬಹುದು. ನಮ್ಮ ಗಿರಾಕಿಯೊಬ್ಬರು ‘ಗಿರಾಕಿಗಳೆಲ್ಲ ಬೆಂಗಳೂರಿನವರು’ ಅಂತ ಅಲ್ಲಿ ಜಾಹೀರಾತು ಕೊಡಲು ಹೊರಟಿದ್ದರು. ಕೂತು ನೋಡಿದರೆ ಅದರಲ್ಲಿ ಇಲ್ಲೇ ಶಿವಮೊಗ್ಗದ ಗೋಪಾಳದಲ್ಲಿ ಕೂತ ಅವರ ಮಗಳೂ ಸೇರಿದ್ದಳು, ಅಂಗಡಿಯ ಹುಡುಗರೂ ಸೇರಿದ್ದರು. ದೇಶ, ರಾಜ್ಯದ ಮಟ್ಟದಲ್ಲಿ ನೋಡಿ. ಊರಿನ ಹೆಸರನ್ನು ತೀರಾ ನೆಚ್ಚಬೇಡಿ.

ನಿಮ್ಮ ಸ್ವಂತ ಓಡಾಟ ಲೆಕ್ಕಕ್ಕೆ ಸೇರದ ಹಾಗೂ ನೋಡಿಕೊಳ್ಳಿ. ಐಪಿ ಕೊಟ್ಟು ತಡೆಯುವ ಫಿಲ್ಟರ್ ಇದೆ, ಆದರೆ ಮೊಬೈಲ್ ಡೇಟಾದಲ್ಲಿ ಐಪಿ ಬದಲಾಗುತ್ತಲೇ ಇರುತ್ತದೆ. ‘ಒಂದು ಗುಟ್ಟಿನ ಲಿಂಕ್ ಮಾಡಿಕೊಡು, ಅದನ್ನು ಒಂದು ಸಲ ತೆರೆದ ಬ್ರೌಸರಿನಲ್ಲಿ ಟ್ಯಾಗ್ ಲೋಡ್ ಆಗಬಾರದು’ ಅಂತ ಏಜೆಂಟಿಗೆ ಹೇಳಿ. ಇಂಥದ್ದನ್ನು ಅದು ಚೆನ್ನಾಗಿ ಮಾಡುತ್ತದೆ.

ತೀರ್ಥಹಳ್ಳಿಯಿಂದ:

ಮೂರು ರೂಮಿಗೆ ಇಷ್ಟೆಲ್ಲ ಬೇಕಾ ಸರ್? ನಾನಂತೂ ಎಲ್ಲ ಕಿತ್ತು ಹಾಕಿ ಕ್ಲೌಡ್‌ಫ್ಲೇರ್ ವೆಬ್ ಅನಲಿಟಿಕ್ಸ್ ಇಟ್ಟುಕೊಂಡೆ. ದುಡ್ಡಿಲ್ಲ, ಬ್ರೌಸರಿನಲ್ಲಿ ಗುರುತು ಇಡುವ ಕುಕಿ ಇಲ್ಲ, ಏಜೆಂಟಿಗೆ ಒಂದು ಸಾಲಿನ ಕೆಲಸ. ಎಷ್ಟು ಜನ ಬಂದರು, ಯಾವ ಪೇಜ್ ನೋಡಿದರು, ಸಾಕು. ನಿಮ್ಮದೇ ಸರ್ವರ್ ಇದ್ದರೆ ಉಮಾಮಿ, ಮಟೊಮೊ ಅನ್ನುವ ಎಣಿಕೆಯ ಸಾಧನಗಳೂ ಇವೆ. ಸರ್ವರ್ ಸಾಕುವುದು ಹಸು ಸಾಕಿದ ಹಾಗೆ, ದಿನಾ ನೋಡಬೇಕು.

ಶಿವಮೊಗ್ಗದಿಂದ:

ಒಪ್ಪುತ್ತೇನೆ, ಆದರೆ ಒಂದು ಕೊರತೆ ಇದೆ. ಹೋಂಸ್ಟೇಯವರಿಗೆ ಜನ ಬಂದದ್ದಕ್ಕಿಂತ ವಾಟ್ಸಾಪ್ ಗುಂಡಿ ಎಷ್ಟು ಜನ ಒತ್ತಿದರು ಅನ್ನುವುದು ಮುಖ್ಯ. ಕ್ಲೌಡ್‌ಫ್ಲೇರಿನದ್ದರಲ್ಲಿ ಹಾಗೆ ನಮಗೆ ಬೇಕಾದ್ದನ್ನು ಎಣಿಸಲು ಆಗುವುದಿಲ್ಲ. ಗೂಗಲಿನದ್ದು ವಾಟ್ಸಾಪ್ ಲಿಂಕ್ ಒತ್ತಿದ್ದನ್ನು ಹೊರಗಿನ ಲಿಂಕ್ ಅಂತ ತಾನೇ ಎಣಿಸುತ್ತದೆ. ಫೋನ್ ನಂಬರ್ ಒತ್ತಿದ್ದನ್ನು ಎಣಿಸುವುದಿಲ್ಲ, ಅದಕ್ಕೆ ಏಜೆಂಟ್ ಹತ್ತಿರ ಒಂದು ಈವೆಂಟ್ (ಒತ್ತಿದ್ದನ್ನು ಎಣಿಸುವ ಕೋಡ್) ಬರೆಸಬೇಕು. ನಮ್ಮ ಜನ ಮೆಸೇಜ್ ಮಾಡುವುದಕ್ಕಿಂತ ಫೋನ್ ಮಾಡುವುದೇ ಜಾಸ್ತಿ. ಎರಡನ್ನೂ ‘ಕೀ ಈವೆಂಟ್’, ಅಂದರೆ ಮುಖ್ಯವಾದದ್ದು, ಅಂತ ಗುರುತು ಹಾಕಿ.

ಕೊಪ್ಪದಿಂದ:

ನನ್ನ ಎಡವಟ್ಟು ಎಲ್ಲರದ್ದಕ್ಕಿಂತ ದೊಡ್ಡದು. ‘ಬುಕಿಂಗ್ ಫಾರ್ಮ್ ಎಷ್ಟು ಜನ ತುಂಬಿದರು ಎಣಿಸು’ ಅಂದೆ. ಏಜೆಂಟ್ ಎಣಿಸಿತು, ಜೊತೆಗೆ ಬಲು ಕಾಳಜಿಯಿಂದ ಅವರ ಹೆಸರು, ಫೋನ್ ನಂಬರನ್ನೂ ಅನಲಿಟಿಕ್ಸಿಗೆ ಕಳಿಸಿತು! ರಿಪೋರ್ಟ್ ತೆಗೆದರೆ ಒಂದರ ಕೆಳಗೊಂದು ಹತ್ತಂಕಿಯ ನಂಬರುಗಳು. ಮೈ ಜುಮ್ ಅಂತು. ಜನರ ಗುರುತು ಹಿಡಿಯುವಂಥ ಮಾಹಿತಿ ಕಳಿಸಬಾರದು ಅಂತ ಗೂಗಲಿನ ನಿಯಮವೇ ಇದೆ. ಮೇಲೆ 2023ರ ಡಿಜಿಟಲ್ ವೈಯಕ್ತಿಕ ಡೇಟಾ ಸಂರಕ್ಷಣಾ ಕಾಯ್ದೆ ಬೇರೆ. ನಮ್ಮನ್ನು ನಂಬಿ ನಂಬರ್ ಕೊಟ್ಟವರು ಅವರು.

ಅದನ್ನು ತೆಗೆಸಿದ ಮೇಲೂ ಒಂದು ಉಳಿದಿತ್ತು. ಫಾರ್ಮ್ ಕಳಿಸಿದ ಮೇಲೆ ಬರುವ ‘ಧನ್ಯವಾದ’ ಪೇಜಿನ ವಿಳಾಸದಲ್ಲೇ ನಂಬರ್ ಸೇರಿಕೊಳ್ಳುತ್ತಿತ್ತು. ಪೇಜಿನ ವಿಳಾಸ ಹೇಗೂ ಅನಲಿಟಿಕ್ಸಿಗೆ ಹೋಗುತ್ತದೆ. ಹಾಗಾಗಿ ಫಾರ್ಮ್ ತುಂಬಿ ಕಳಿಸಿ, ಬ್ರೌಸರಿನ ಮೇಲ್ಭಾಗದಲ್ಲಿ ಕಾಣುವ ವಿಳಾಸವನ್ನು ಕಣ್ಣಾರೆ ಓದಿ. ಅದಕ್ಕೆ ಕೋಡ್ ಗೊತ್ತಿರಬೇಕಾಗಿಲ್ಲ.

ಹೊಸನಗರ ಕಡೆಯಿಂದ ಮತ್ತೆ:

ಎಲ್ಲರಿಗೂ ಥ್ಯಾಂಕ್ಸ್. ಗೂಗಲಿನದ್ದನ್ನೇ ಹಾಕಿಸಿದೆ. ಶಿವಮೊಗ್ಗದ ಸರ್ ಹೇಳಿದ ಹಾಗೆ ಮೊದಲು ಹುಡುಕು ಅಂದೆ. ಅಣ್ಣನ ಮಗ ಯಾವಾಗಲೋ ಹಾಕಿ ಮರೆತ ಒಂದು ಟ್ಯಾಗ್ ಸಿಕ್ಕಿತು, ಅದೂ ಹತ್ತು ಎಕ್ಸಿನದೇ! ಸಾಗರದ ಅಕ್ಕನ ನೆನಪಾಗಿ ಒಬ್ಬನೇ ನಕ್ಕೆ.

ಫಾರ್ಮ್ ನಮ್ಮಲ್ಲಿ ಇಲ್ಲ, ಬರೀ ಫೋನ್ ಮತ್ತು ವಾಟ್ಸಾಪ್. ಆಮೇಲೆ ರಿಯಲ್‌ಟೈಮ್ ತೆರೆದು ಕೂತೆ. ಸಿಗ್ನಲ್ ಸಿಗುವುದು ಅಂಗಳದ ತುದಿಯ ಹಲಸಿನ ಮರದ ಹತ್ತಿರ ಮಾತ್ರ, ಅಲ್ಲಿಗೆ ಹೋಗಿ ಫೋನಿನಲ್ಲಿ ಸೈಟ್ ತೆರೆದು ಓಡಿ ಬಂದರೆ ‘1’ ಅಂತ ಕಂಡಿತು. ತೋಟದಲ್ಲಿ ಅಡಿಕೆ ಕೊನೆ ಕೊಯ್ಯಿಸುತ್ತಿದ್ದ ಪಕ್ಕದ ಮನೆಯವರಿಗೂ ಕೂಗಿ ಹೇಳಿದೆ, ‘2’ ಆಯಿತು. ನಕ್ಷೆಯಲ್ಲಿ ನೋಡಿದರೆ ಇಬ್ಬರೂ ಬೆಂಗಳೂರಿನವರು.

ವಾಟ್ಸಾಪ್ ಒತ್ತಿದ್ದು ಬಂದಿದೆ. ಫೋನ್ ಒತ್ತಿದ್ದು ಇನ್ನೂ ಕಾಣುತ್ತಿಲ್ಲ. ಏಜೆಂಟ್ ‘ಈಗ ಸರಿಯಾಗಿದೆ’ ಅನ್ನುತ್ತಿದೆ. ಅಷ್ಟರಲ್ಲಿ ಕರೆಂಟ್ ಹೋಯಿತು, ನಾಳೆ ನೋಡಿ ಹೇಳುತ್ತೇನೆ.